ಪಾಸ್‌ಪೋರ್ಟ್ ಹುಡುಕಿದ ಭಾನುವಾರ

ಮೊದಲು ನೆನಪಾಗುವುದು ಅವರ ಬಲಗೈ. ಮೊಣಕೈವರೆಗೆ ತೌಡಿನ ಧೂಳು ಮೆತ್ತಿದ ಕೈ. ಕುಚ್ಚಲಕ್ಕಿಯನ್ನು ಅವರು ಲೋಟದಲ್ಲಿ ಅಳೆದವರಲ್ಲ. ಸೊಂಟದೆತ್ತರದ ನೀಲಿ ಡ್ರಮ್ಮಿಗೆ ಕೈ ಇಳಿಸಿ ಮುಷ್ಟಿ ಮುಷ್ಟಿಯಾಗಿ ತೆಗೆಯುತ್ತಿದ್ದರು. ಮುಖ ಇಷ್ಟು ಸ್ಪಷ್ಟವಾಗಿ ನೆನಪಿಲ್ಲ. ನೆನಪಿದೆ ಎಂದರೆ ಸುಳ್ಳಾಗುತ್ತದೆ.

ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿ ಅವರು. ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರೈಸ್ತರು. ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಬೇರೆ ಇದ್ದಳು. ಮೈಸೂರಿನಿಂದ ಓದಲು ಬಂದ ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಅವರಿಗೆ ನಾನು ಮಾರಾಯ್ತಿ. ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ವಿಮಾನದ ಊಟ ಕಟ್ಟುವ ಕೆಲಸ ಮಾಡುತ್ತಿದ್ದರು. ಹದಿನೆಂಟು ವರ್ಷದಲ್ಲಿ ಅವರು ಕಂಡ ಲಂಡನ್ ಎಂದರೆ ಮನೆ, ಗ್ರೀನ್‌ಫರ್ಡಿನ ಬಸ್ಸು, ಇಗರ್ಜಿ, ಮೀನಿಗಾಗಿ ಎಜ್‌ವೇರ್. ಅಷ್ಟೇ.

ಬಚ್ಚಿಡುವುದು ಅವರ ಅಭ್ಯಾಸ. ನಮ್ಮವರ ಮನೆಗಳಲ್ಲಿ ಚಿನ್ನವಿರುತ್ತದೆಂದು ಆ ಕಡೆಯ ಕಳ್ಳರಿಗೆ ಗೊತ್ತಿತ್ತು. ಹಾಗಾಗಿ ಆಂಟಿ ಚಿನ್ನ ಬಚ್ಚಿಡುತ್ತಿದ್ದರು. ಕೈ ಪಳಗಿದ ಮೇಲೆ ಕತ್ತರಿ, ಕನ್ನಡಕ, ಹಿತ್ತಿಲ ಬಾಗಿಲ ಕೀಲಿಯನ್ನೂ. ಇಟ್ಟದ್ದು ಎಲ್ಲಿ ಎಂದು ಮರೆಯುತ್ತಿದ್ದರು. ಆಗ ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಗೆ ಒಂದು ಮೇಣದ ಬತ್ತಿಯ ಹರಕೆ. ಆ ಸಂತರಿಗೆ ನಿಮ್ಮ ಮನೆಯದ್ದೇ ಪೂರ್ತಿ ಕೆಲಸವಾಯಿತಲ್ಲ ಎಂದು ಒಮ್ಮೆ ರೇಗಿಸಿದ್ದೆ.

“ಅವರಿಗೂ ಈ ದೇಶದಲ್ಲಿ ಒಂದು ಕೆಲಸ ಬೇಡ್ವಾ ಮಾರಾಯ್ತಿ?” ಎಂದಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಒಂದು ಶನಿವಾರ ಒಬ್ಬಳೇ ಊರು ನೋಡಲು ಹೋದೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಟ್ಯೂಬ್ ರೈಲು ಇಳಿದು ಸೇತುವೆ ದಾಟಿ, ನದಿಯ ದಂಡೆ ಹಿಡಿದು ಟವರ್ ಬ್ರಿಜ್‌ವರೆಗೆ ನಡೆದೆ. ಮೈಮೇಲೆ ಕಪ್ಪು ಕೋಟು ಇತ್ತೆಂದು ಯಾವಾಗಲೂ ಹೇಳುತ್ತೇನೆ. ಆ ದಿನದ ಒಂದೇ ಫೋಟೊದಲ್ಲಿ ಅದು ನೀಲಿ. ಬಣ್ಣ ಏನೇ ಇರಲಿ, ಒಳಜೇಬಿನಲ್ಲಿ ಪಾಸ್‌ಪೋರ್ಟ್ ಇದೆಯೆಂದೇ ನಂಬಿದ್ದೆ. ಶುಕ್ರವಾರ ಕಾಲೇಜಿನ ಕಚೇರಿಯಲ್ಲಿ ತೋರಿಸಿ ಮತ್ತೆ ಆ ಜೇಬಿನಲ್ಲೇ ಇಟ್ಟಿದ್ದೆ. ಸೋಮವಾರ ವೀಸಾ ವಿಸ್ತರಣೆಗೆ ಅದನ್ನು ಕೊಡಬೇಕಿತ್ತು, ಮಂಗಳವಾರ ಅವಧಿ ಮುಗಿಯುತ್ತಿತ್ತು. ತಪ್ಪಿದರೆ ಅರ್ಧ ಬರೆದ ಪ್ರಬಂಧ ಬಿಟ್ಟು ಊರಿಗೆ.

ಸಂಜೆ ಮನೆಗೆ ಬಂದು ಜೇಬಿಗೆ ಕೈ ಹಾಕಿದರೆ ಖಾಲಿ.

ಅಡುಗೆಮನೆಯಲ್ಲಿ ಅಕ್ಕಿ ತೆಗೆಯುತ್ತಿದ್ದ ಆಂಟಿಗೆ ಹೇಳಿದೆ. ಅವರ ಮುಖ ಇಳಿಯಿತು. ನೀನು ಇವತ್ತು ಹೋದ ದಾರಿಯಲ್ಲೇ ನಾಳೆ ಮತ್ತೆ ಹೋಗುವಾ, ಮೊದಲು ನಿಂತಲ್ಲಿ ಮೊದಲು ನಿಲ್ಲುವಾ ಎಂದರು. ಇಗರ್ಜಿಯ ಭಾನುವಾರದ ಪೂಜೆ? ಒಂದು ವಾರವೂ ತಪ್ಪಿಸಿದವರಲ್ಲ. ಅಂದು ತಪ್ಪಿಸಿದರು.

ಬ್ರೆಡ್ಡಿನ ನಡುವೆ ಒಣಸಿಗಡಿ ಚಟ್ನಿ ಹಚ್ಚಿ ಕಟ್ಟಿಕೊಂಡರು. ಟ್ಯೂಬಿನಲ್ಲಿ ಜನ ಮೂಗು ಸೊಟ್ಟ ಮಾಡಿದ್ದು ಅವರಿಗೆ ಕಾಣಲೇ ಇಲ್ಲ. ಸೀಟುಗಳ ಸಂದಿಯಲ್ಲೆಲ್ಲ ಬಗ್ಗಿ ನೋಡುತ್ತಿದ್ದರು. ಹಳೇ ಪುಸ್ತಕ ಮಾರುವವರನ್ನು, ಕಾಫಿ ಅಂಗಡಿಯವರನ್ನು, ದೋಣಿಯ ಟಿಕೆಟ್ ಹರಿಯುವವರನ್ನು ಒಬ್ಬೊಬ್ಬರಾಗಿ ತಡೆದು, ಈ ಹುಡುಗಿಯ ಪಾಸ್‌ಪೋರ್ಟ್ ಕಂಡಿರಾ ಎಂದು ವಿಚಾರಿಸಿದರು. ಮಂಡಿ ನೋವಿತ್ತು. ಬೆಂಚು ಕಂಡಲ್ಲಿ ಕೂತು ಏನೋ ಜಪಿಸಿ ಮತ್ತೆ ಏಳುತ್ತಿದ್ದರು. ನಿನ್ನೆ ನಾನು ಬೇಗಬೇಗ ನೋಡಿ ದಾಟಿದ್ದ ಊರನ್ನು ಅಂದು ಅಂಗಡಿ ಅಂಗಡಿಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಂಡೆ.

ಟವರ್ ಬ್ರಿಜ್ ಮೇಲೆ ದಾರಿ ಮುಗಿಯಿತು. ನಾನು ಅಳುತ್ತಿದ್ದೆ. ಆಂಟಿ ಕಂಬಿ ಹಿಡಿದು ಕೆಳಗೆ ನೋಡಿದರು.

“ಇದೇಯಾ ಅವರ ದೊಡ್ಡ ಹೊಳೆ? ನಮ್ಮ ಕಲ್ಯಾಣಪುರದ್ದು ಇದಕ್ಕಿಂತ ಅಗಲ ಉಂಟು.”

ನಗು ಬಂತು. ಸೇತುವೆಯ ಮೇಲೆಯೇ ನಿಂತು ಸಿಗಡಿ ಚಟ್ನಿ ತಿಂದೆವು.

ಮನೆಗೆ ಬಂದು ಅವರು ಅನ್ನಕ್ಕೆಂದು ಡ್ರಮ್ಮಿಗೆ ಕೈ ಇಳಿಸಿದರು. ಹಾಗೇ ನಿಂತರು. ಆಮೇಲೆ ತೋಳು ಪೂರ್ತಿ ಒಳಗೆ ಹೋಯಿತು, ಕೆನ್ನೆ ಡ್ರಮ್ಮಿನ ಅಂಚಿಗೆ ತಾಗಿತು. ಹೊರಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನನ್ನ ಪಾಸ್‌ಪೋರ್ಟ್.

ಶುಕ್ರವಾರ ಸಂಜೆ ಬೀದಿಯ ತುದಿಯ ಮನೆಗೆ ಕಳ್ಳರು ನುಗ್ಗಿದ್ದರಂತೆ. ಬಾಗಿಲ ಬಳಿ ತೂಗುತ್ತಿದ್ದ ನನ್ನ ಕೋಟಿನ ಜೇಬಿನಲ್ಲಿ ಪಾಸ್‌ಪೋರ್ಟ್ ಕಂಡು, ಇದೂ ಹೋಗುತ್ತದೆಂದು ಆಂಟಿ ಹೆದರಿ ಬಚ್ಚಿಟ್ಟರಂತೆ. ಬೆಳಿಗ್ಗೆ ಹೇಳೋಣವೆಂದರೆ ನಾನು ಆಗಲೇ ಹೋಗಿದ್ದೆ. ಅವರು ಕೆಲಸಕ್ಕೆ ಹೋದರು, ಮರೆತರು. ನಾನು ನೆಲದ ಮೇಲೆ ಕೂತು ಪಾಸ್‌ಪೋರ್ಟನ್ನು ಮೂಸಿದೆ. ಅಕ್ಕಿಯ ವಾಸನೆ. ಬಯ್ಯಬೇಕೆಂದು ಬಾಯಿ ತೆರೆದರೆ ಮತ್ತೆ ನಗುವೇ ಬಂತು.

ಸೋಮವಾರ ಅದನ್ನು ಕೊಟ್ಟೆ. ವೀಸಾ ಸಿಕ್ಕಿತು, ಓದು ಮುಗಿಯಿತು, ಎಜ್‌ವೇರ್‌ನಲ್ಲಿ ಮನೆಯೂ ಆಯಿತು. ಆದರೆ ವರ್ಷಗಳು ಕಳೆದಂತೆ ಈ ಕಥೆಯನ್ನು ನಾನು ಬೇರೆಯಾಗಿ ಹೇಳತೊಡಗಿದೆ. ಶನಿವಾರ ಸಂಜೆಯೇ ಅವರು ಆ ಡ್ರಮ್ಮಿಗೆ ಕೈ ಹಾಕಿದ್ದರಲ್ಲ? ಆಗಲೇ ಗೊತ್ತಾಗಿತ್ತು; ಊರು ನೋಡುವ ಆಸೆಗೆ ಸುಮ್ಮನಿದ್ದರು, ಜಾಣೆ. ಕೇಳಿದವರೆಲ್ಲ ಮೆಚ್ಚುತ್ತಿದ್ದರು. ಒಮ್ಮೆ ಅವರನ್ನೇ ಕೇಳಿದೆ.

“ಮರೆತದ್ದು ಮರೆತದ್ದು. ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?” ಎಂದರು. ನಾನು ನಂಬಲಿಲ್ಲ.

ಅವರು ತೀರಿಕೊಂಡ ಮೇಲೆ ಮಗಳು ಅಡುಗೆಮನೆ ಖಾಲಿ ಮಾಡಲು ಕರೆದಳು. ಡ್ರಮ್ಮಿನಲ್ಲಿ ಇನ್ನೂ ಅಕ್ಕಿಯಿತ್ತು. ಇದನ್ನು ಎಸೆಯೋಣವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸ್ವಲ್ಪ ತಾಳು ಎಂದು ಅಂಗಿಯ ತೋಳು ಮಡಚಿ ಕೈ ಇಳಿಸಿದೆ. ಮೊಣಕೈ ಮುಳುಗಿತು, ತಳ ಸಿಗಲಿಲ್ಲ. ಭುಜದವರೆಗೆ ಇಳಿಸಿ, ಕೆನ್ನೆ ಅಂಚಿಗೆ ಒತ್ತಿದಾಗ ಮಾತ್ರ ಬೆರಳಿಗೆ ತಳ ತಾಗಿತು. ಅಕ್ಕಿ ಬಿಟ್ಟರೆ ಏನೂ ಇರಲಿಲ್ಲ.

ಆಂಟಿಯ ಕೈಗೆ ದಿನವೂ ತೌಡು ಮೆತ್ತುತ್ತಿದ್ದುದು ಮೊಣಕೈವರೆಗೆ ಅಷ್ಟೇ. ಹಾಗಾದರೆ ಶನಿವಾರ ತಳದಲ್ಲಿದ್ದ ಪಾಸ್‌ಪೋರ್ಟ್ ಅವರಿಗೆ ತಾಗಿರಲಾರದು. ಅವರು ನಿಜವಾಗಿಯೂ ಮರೆತಿದ್ದರು. ಪೂಜೆ ಬಿಟ್ಟು, ಮಂಡಿ ಎಳೆದುಕೊಂಡು ಆ ದಂಡೆಯುದ್ದಕ್ಕೂ ನಡೆದದ್ದು ನನ್ನಷ್ಟೇ ಹೆದರಿಕೊಂಡು.

ಎದೆ ಹಗುರಾಯಿತು. ಇನ್ನು ಅವರನ್ನು ಜಾಣೆ ಮಾಡಬೇಕಿಲ್ಲ. ತೌಡು ಮೆತ್ತಿದ ನನ್ನ ಕೈ ಒರೆಸಲು ಮಗಳು ಟಿಶ್ಯೂ ಚಾಚಿದಳು. ಬೇಡ, ಇರಲಿ ಎಂದೆ.