ಅಣ್ಣ ನಿಲ್ಲುತ್ತಿದ್ದ ಜಾಗ

ಮೇ ತಿಂಗಳು ಬಂತೆಂದರೆ ಠಾಣೆ ಶಹರದ ಪಕ್ಕದ ಕಳವಾ ಊರಿನಲ್ಲಿ ನಮ್ಮ ಚಾಳಿನ ಕೆಳಗಿನ ಚಹಾದ ಹೋಟೆಲಿನಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಜಗಳ. ಹೊಡೆದಾಟದ ಜಗಳವಲ್ಲ, ಫುಟ್‌ಬಾಲಿನದು. ಅಂಬರನಾಥದ ಒಂದು ಡಬ್ಬಿ ಕಾರ್ಖಾನೆಗೆ ಸ್ವಂತ ಟೀಮಿತ್ತು. ಮಳೆ ಹಿಡಿಯುವ ಹೊತ್ತಿಗೆ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಟೀಮಿನ ಕ್ಯಾಂಪು ಶುರುವಾಗುತ್ತಿತ್ತು. ಕ್ಯಾಂಪಿಗೆ ಹೋದವರಿಗೆ ಅಷ್ಟು ದಿನ ಮಶೀನಿನ ಕೆಲಸವಿಲ್ಲ. ಮೊಟ್ಟೆ, ಹಾಲು, ಬಾಳೆಹಣ್ಣು ಕಂಪನಿಯದೇ. ಕ್ಯಾಂಪು ಮುಗಿಯುವಾಗ ಯಾರು ಯಾವ ಜಾಗದಲ್ಲಿ ಆಡುತ್ತಾರೆಂದು ಕೋಚ್ ಹೇಳುತ್ತಿದ್ದರು. ಆದರೆ ಕೋಚ್ ಹೇಳುವ ಮೊದಲೇ ನಮ್ಮ ಹೋಟೆಲಿನಲ್ಲಿ ಎಲ್ಲ ತೀರ್ಮಾನವಾಗಬೇಕಿತ್ತು.

ಟೀಮಿನ ಗೋಲ್‌ಕೀಪರ್ ನನ್ನ ಅಣ್ಣ. ಅವನ ಜಾಗಕ್ಕೆ ಕಾದು ಕೂತ ಎರಡನೆಯ ಗೋಲ್‌ಕೀಪರ್ ನನ್ನ ಗಂಡ.

ನಾವು ಬೆಳಗಾವಿಯವರು. ಅಲ್ಲಿ ಗಲ್ಲಿಗೊಂದು ಫುಟ್‌ಬಾಲ್ ಟೀಮು. ಅಣ್ಣ ಶಾಲೆ ಬಿಟ್ಟದ್ದೇ ಚೆಂಡಿಗಾಗಿ ಎಂದು ಅವ್ವ ಬೈಯುತ್ತಿದ್ದಳು, ಆದರೆ ಕೊನೆಗೆ ಅವನಿಗೆ ನೌಕರಿ ಕೊಡಿಸಿದ್ದು ಆ ಚೆಂಡೇ. ಅಂಬರನಾಥದವರು ಅವನ ಆಟ ನೋಡಿ ಕರೆಸಿಕೊಂಡರು. ಪ್ರೆಸ್ ಮಶೀನಿನಲ್ಲಿ ತಗಡಿನ ಮುಚ್ಚಳ ಒತ್ತುವ ಕೆಲಸ. ಕೆಲವು ವರ್ಷಗಳ ನಂತರ ಅವನು ನಮ್ಮ ಗಲ್ಲಿಯ ತನ್ನ ಗೆಳೆಯನನ್ನೂ ಕರೆಸಿ ಪ್ಯಾಕಿಂಗ್ ಖಾತೆಗೆ ಸೇರಿಸಿದ. ಆಮೇಲೆ ಅದೇ ಗೆಳೆಯನಿಗೆ ನನ್ನನ್ನು ಕೊಟ್ಟ. ಮದುವೆಯಾದ ಮೇಲೂ ಅವರಿಬ್ಬರೂ ಭಾವ, ಮಾವ ಎನ್ನಲಿಲ್ಲ. ಮೊದಲಿನ ಹಾಗೆಯೇ "ದೋಸ್ತ" ಎನ್ನುತ್ತಿದ್ದರು. ಅಣ್ಣ, ಅವನ ಹೆಂಡತಿ ನನ್ನ ವೈನಿ ಪಕ್ಕದ ಚಾಳಿನಲ್ಲಿದ್ದರು. ವೈನಿ ಸಾರು ಮಾಡಿದರೆ ಒಂದು ಬಟ್ಟಲು ನಮ್ಮ ಮನೆಗೆ ಬರುತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಉಳಿದ ಜಾಗಗಳ ಬಗ್ಗೆ ಹೆಚ್ಚು ತಕರಾರಿರಲಿಲ್ಲ. ಬಲಗಡೆಯ ಡಿಫೆನ್ಸಿಗೆ ಯಾರು, ನಡುವೆ ಯಾರು ಎನ್ನುವುದು ಒಂದೊಂದು ಚಹಾಕ್ಕೆ ಮುಗಿಯುತ್ತಿತ್ತು. ಗೋಲಿನಲ್ಲಿ ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಹೋಟೆಲು ಎರಡು ಭಾಗವಾಗುತ್ತಿತ್ತು.

ಅಣ್ಣನ ಪಕ್ಷಕ್ಕೆ ಮುಖಂಡರು ರೈಲ್ವೆ ಕಾರ್‌ಶೆಡ್ಡಿನಲ್ಲಿ ಫಿಟರ್ ಆಗಿದ್ದ ಕಲಬುರ್ಗಿ ಕಡೆಯ ಕಾಕಾ. ನನ್ನ ಗಂಡನ ಪಕ್ಷಕ್ಕೆ ಹೋಟೆಲಿನ ಮಾಲಕರು, ಕುಂದಾಪುರದ ಕಡೆಯ ಶೆಟ್ಟರು. ಕಾಕಾ ಚಹಾದ ಖಾಲಿ ಗ್ಲಾಸುಗಳನ್ನು ಟೇಬಲ್ಲಿನ ಮೇಲೆ ಆಟಗಾರರಂತೆ ಜೋಡಿಸಿ ತೋರಿಸುತ್ತಿದ್ದರು.

"ನೋಡ್ರಿ ಶೆಟ್ರ, ಗೋಲಿ ಅಂದ್ರ ಬರೇ ಜಿಗಿಯೋದಲ್ಲ. ಮುಂದ ನಿಂತ ನಾಕು ಮಂದಿನ ನಡಸಬೇಕು. ಅಂವ ಬಾಯಿ ಮಾಡಿದ್ರ ಈ ನಾಕೂ ಗ್ಲಾಸು ತಾನೇ ಸರೀತಾವ."

"ಪ್ರಾಯ ಆಯ್ತಲ್ಲ ಮಾರಾಯ್ರೆ. ಹೋದ ವರ್ಷ ಫೈನಲಿನಲ್ಲಿ ಎಂತ ಆಯ್ತು? ಮೊಣಕಾಲು ಹಿಡ್ಕೊಂಡು ಕೂತದ್ದು ಯಾರು? ಇವರು ಎತ್ತರ ಉಂಟು, ಹಾರ್ತಾರೆ."

"ಹಾರ್ತಾನ, ಖರೆ. ಆದ್ರ ಚೆಂಡು ಹಿಡಿಯಂಗಿಲ್ಲ, ಗುದ್ದತಾನ! ಗುದ್ದಿದ ಚೆಂಡು ಮತ್ತ ಅವರ ಕಾಲಿಗೇ ಬೀಳ್ತದ."

ಕೆಲವೊಮ್ಮೆ ಇಬ್ಬರು ಗೋಲಿಗಳೂ ಅದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ತಮ್ಮ ಗುಣದೋಷಗಳನ್ನು ಕೇಳಿಸಿಕೊಳ್ಳುತ್ತಿದ್ದರು. ಅಣ್ಣನೇ ನಕ್ಕು "ಗುದ್ದತಾನ, ಹೌದು. ನಂಗೂ ಹೇಳಿ ಹೇಳಿ ಸಾಕಾಗೇತಿ" ಎನ್ನುತ್ತಿದ್ದ. ನಮ್ಮವರು ಅವನ ಮೊಣಕಾಲಿಗೆ ಮೆಲ್ಲಗೆ ಹೊಡೆದು "ಇದಕ್ಕೆ ಪೆನ್ಶನ್ ಕೊಡ್ರಿ" ಎನ್ನುತ್ತಿದ್ದರು.

ನಾನು ಮೊದಲ ಮಹಡಿಯ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತ ಎಲ್ಲ ಕೇಳುತ್ತಿದ್ದೆ. ಕಾಕಾ ತಲೆಯೆತ್ತಿ ಕೂಗುತ್ತಿದ್ದರು: "ಬಾಯಾರ, ನಿಮ್ಮ ವೋಟು ಯಾರಿಗಿ?"

"ಗೋಲಿಗೆ ಕಾಕಾ" ಎನ್ನುತ್ತಿದ್ದೆ. ಕೆಳಗೆ ನಗು.

ಮನಸ್ಸಿನಲ್ಲಿ ಇದ್ದದ್ದು ಬೇರೆ. ಇದೇ ಕೊನೆಯ ವರ್ಷ ಎಂದು ಅಣ್ಣ ವೈನಿಯ ಹತ್ತಿರ ಹೇಳಿದ್ದು ನನಗೆ ಗೊತ್ತಿತ್ತು. ಈ ಒಂದು ವರ್ಷ ಅವನು ನಿಲ್ಲಲಿ, ಮುಂದೆ ಹೇಗೂ ಇವರದೇ ಎಂದುಕೊಂಡಿದ್ದೆ.

ಕ್ಯಾಂಪಿಗೆ ವಾರವಿದ್ದಾಗ ಒಂದು ಮಧ್ಯಾಹ್ನ ನಮ್ಮವರು ಹೊತ್ತಿಗೆ ಮುಂಚೆ ಮನೆಗೆ ಬಂದರು. ಅಂಗಿಯ ಎದೆಯ ಮೇಲೆ, ತೋಳಿನ ಮೇಲೆ ರಕ್ತ ಒಣಗಿತ್ತು. ನನ್ನ ಕೈಯಲ್ಲಿದ್ದ ಹಿಟ್ಟಿನ ಪರಾತ ಕೆಳಗೆ ಬಿತ್ತು.

"ರೀ, ಏನಾತು? ಎಲ್ಲಿ ಹತ್ತೇತಿ?"

"ನಂದಲ್ಲ" ಎಂದರು. ಹೊಸ್ತಿಲಲ್ಲೇ ಕೂತರು. "ಅಣ್ಣಂದು. ಪ್ರೆಸ್ ಮಶೀನಿನ್ಯಾಗ. ಬಲಗೈ. ಮೂರು ಬೆರಳು ಹೋದವು."

ತಗಡು ಸರಿಸುವುದಕ್ಕೂ ಕಾಲಿನ ಪೆಡಲು ಒತ್ತುವುದಕ್ಕೂ ಒಂದು ಕ್ಷಣ ತಪ್ಪಿತ್ತು. ವರ್ಷಗಟ್ಟಲೆ ಕಣ್ಣುಮುಚ್ಚಿ ಮಾಡಿದ ಕೆಲಸ. ಕೂಗು ಕೇಳಿ ಪ್ಯಾಕಿಂಗಿನಿಂದ ಓಡಿ ಹೋಗಿ, ಕೈಗೆ ತಮ್ಮ ಟವೆಲ್ಲು ಸುತ್ತಿ, ಕಂಪನಿಯ ಟೆಂಪೋದಲ್ಲಿ ಕಲ್ಯಾಣದ ಆಸ್ಪತ್ರೆಗೆ ಒಯ್ದವರು ಇವರೇ. ದಾರಿಯುದ್ದಕ್ಕೂ ಅಣ್ಣ ಒಂದೇ ಮಾತು ಕೇಳಿದನಂತೆ: "ಹೆಬ್ಬೆರಳು ಐತೇನೋ ದೋಸ್ತ? ನೋಡಿ ಹೇಳು."

ವೈನಿಯನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋದೆ. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬಲಗೈ ಬಿಳಿ ಬಟ್ಟೆಯ ಗಂಟಾಗಿತ್ತು. ತಿರುಗಿ ನನ್ನನ್ನು ನೋಡಿ, "ಎಡಗೈ ಐತಲ್ಲ ತಂಗಿ, ಊಟಕ್ಕ ಸಾಕು" ಎಂದ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಮುಂದಿನ ರವಿವಾರ ಹೋಟೆಲಿನಲ್ಲಿ ಮಂದಿ ಸೇರಿತು. ಕಾಕಾ ಗ್ಲಾಸು ಜೋಡಿಸಲಿಲ್ಲ. ನಮ್ಮವರೂ ಕಂಬಕ್ಕೆ ಒರಗಿ ನಿಂತಿದ್ದರು. ಆಗ ಚಾಳಿಗೆ ಹೊಸದಾಗಿ ಬಂದಿದ್ದ ಒಬ್ಬರು, ಯಾರಿಗೂ ಕೆಡುಕು ಬಯಸದ ಮನುಷ್ಯ, "ಚಲೋ, ಇನ್ನ ವಾದ ಇಲ್ಲ ಬಿಡ್ರಿ. ಗೋಲಿ ಫಿಕ್ಸ್ ಆದ್ರು" ಎಂದುಬಿಟ್ಟರು. ಕಾಕಾ ಅರ್ಧ ಚಹಾ ಬಿಟ್ಟು ಎದ್ದು ಹೋದರು. ಶೆಟ್ಟರು ಹೇಳಿದವರ ಮುಖ ನೋಡಲಿಲ್ಲ. ಟೇಬಲ್ಲು ಒರೆಸತೊಡಗಿದರು.

ನಮ್ಮವರು ಮೇಲೆ ಬಂದು, "ನಾ ಕ್ಯಾಂಪಿಗೆ ಹೋಗೂದಿಲ್ಲ" ಎಂದರು.

ಅಣ್ಣನ ತಂಗಿಯಾಗಿ ಯೋಚಿಸಿದರೆ ಒಂದು ಮಾತು ಬರುತ್ತಿತ್ತು, ಇವರ ಹೆಂಡತಿಯಾಗಿ ಯೋಚಿಸಿದರೆ ಇನ್ನೊಂದು. ಸಂಜೆ ಆಸ್ಪತ್ರೆಯಲ್ಲಿ ಇವರೇ ಅಣ್ಣನಿಗೆ ಈ ಸುದ್ದಿ ಹೇಳಿದಾಗ ಅವನು ಎದ್ದು ಕೂತ.

"ಯಾಕ ಹೋಗೂದಿಲ್ಲ? ನನ್ನ ಸಲುವಾಗೇನು? ನೀ ಹೋಗಲಿಲ್ಲ ಅಂದ್ರ ನನ್ನ ಮಾರಿ ನೋಡಬ್ಯಾಡ ದೋಸ್ತ. ಬೆರಳೂ ಹೋದವು, ಗೋಲೂ ಖಾಲಿ ಬಿತ್ತು ಅಂದ್ರ ನಾ ಏನ ಮಾಡ್ಲಿ?"

ಇವರು ಹೋದರು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಣ್ಣ ಮನೆಯಲ್ಲಿ ನಿಲ್ಲಲಿಲ್ಲ. ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ದಿನಾ ಬೆಳಗಿನ ಗಾಡಿಗೆ ಅಂಬರನಾಥದ ಮೈದಾನಕ್ಕೆ ಹೊರಟ. ಗೋಲಿಗೆ ನಾನು ಕಲಿಸುತ್ತೇನೆ ಎಂದ. ಕೋಚ್ ಒಪ್ಪಿದರು, ಅವನಿಗೆ ಬೇಡ ಎನ್ನುವ ಧೈರ್ಯ ಯಾರಿಗಿತ್ತು?

ಒಂದು ದಿನ ನಮ್ಮವರು ಸ್ನಾನಕ್ಕೆ ಅಂಗಿ ಬಿಚ್ಚಿದಾಗ ನೋಡಿದೆ. ಎದೆ, ಪಕ್ಕೆ, ಮುಂಗೈ ಎಲ್ಲ ನೀಲಿಗಟ್ಟಿತ್ತು. ಕೇಳಿದರೆ "ಕ್ಯಾಂಪ್ ಅಂದ ಮ್ಯಾಲ ಇರೂದ" ಎಂದರು. ನನಗೆ ಸಮಾಧಾನವಾಗಲಿಲ್ಲ. ಮರುದಿನ ಡಬ್ಬಿ ಕಟ್ಟಿಕೊಂಡು ನಾನೇ ಅಂಬರನಾಥಕ್ಕೆ ಹೋದೆ.

ಜಿಟಿಜಿಟಿ ಮಳೆಯಲ್ಲಿ ಉಳಿದವರೆಲ್ಲ ಶೆಡ್ಡಿನಡಿ ಬಾಳೆಹಣ್ಣು ತಿನ್ನುತ್ತಿದ್ದರು. ಮೈದಾನದಲ್ಲಿ ಇವರಿಬ್ಬರೇ. ಅಣ್ಣ ಚೆಂಡುಗಳನ್ನು ಸಾಲಾಗಿ ಇಟ್ಟುಕೊಂಡು, ಬಹಳ ಹತ್ತಿರದಿಂದ ಒಂದಾದ ಮೇಲೊಂದು ಒದೆಯುತ್ತಿದ್ದ. ಹಿಡಿಯಲು, ಏಳಲು ಸಮಯ ಕೊಡುತ್ತಿರಲಿಲ್ಲ. ಇವರು ಕೆಸರಿನಿಂದ ಏಳುವಷ್ಟರಲ್ಲಿ ಮುಂದಿನ ಚೆಂಡು ಎದೆಗೆ ಬಡಿಯುತ್ತಿತ್ತು. "ಹಿಡಿ! ಗುದ್ದಬ್ಯಾಡ, ಹಿಡಿ! ಹತ್ತೂ ಬೆರಳು ಅದಾವಲ್ಲ ನಿನಗ, ಹಿಡಿ!" ಎಂದು ಕಿರುಚುತ್ತಿದ್ದ. ಇವರು ಮತ್ತೆ ಎದ್ದು ನಿಲ್ಲುತ್ತಿದ್ದರು.

ನಾನು ಕೆಸರು ತುಳಿಯುತ್ತ ಹೋಗಿ ಅಣ್ಣನ ತೋಳು ಹಿಡಿದೆ. "ಸಾಕು ಅಣ್ಣಾ. ಕೊಲ್ಲಾಕತ್ತಿಯೇನು ಅವರನ್ನ?"

ಅವನು ನನ್ನನ್ನು ಗುರುತು ಸಿಗದವನಂತೆ ನೋಡಿದ. ಮಳೆನೀರು ಮುಖದಿಂದ ಇಳಿಯುತ್ತಿತ್ತು, ಕೈಗೆ ಕಟ್ಟಿದ ಬಟ್ಟೆ ತೊಯ್ದು ಹೋಗಿತ್ತು. ಆಮೇಲೆ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತ.

"ಸಿಟ್ಟು ಬರತೈತಿ ತಂಗಿ. ಯಾರ ಮ್ಯಾಲ ಅಂತ ಗೊತ್ತಾಗೂದಿಲ್ಲ. ಅಂವ ಗೋಲಿನ್ಯಾಗ ನಿಂತಾನ, ಅಂವನೇ ಕಾಣ್ತಾನ."

ಇವರು ಗೋಲಿನಿಂದ ಬಂದು ಅವನ ಪಕ್ಕದಲ್ಲಿ ಕೂತರು. ತಂದ ಡಬ್ಬಿಯನ್ನು ನಾನು ನಡುವೆ ಬಿಚ್ಚಿಟ್ಟೆ. ರೊಟ್ಟಿಯ ಮೇಲೆ ಮಳೆ ಬೀಳುತ್ತಿತ್ತು. ಯಾರೂ ಮುಟ್ಟಲಿಲ್ಲ.

ಮೊದಲ ಮ್ಯಾಚಿಗೆ ನಮ್ಮ ಚಾಳಿಗೆ ಚಾಳೇ ಠಾಣೆ ಶಹರದ ಮೈದಾನಕ್ಕೆ ಹೋಯಿತು. ಟೀಮಿನ ಅಭಿಮಾನಿಗಳಿಗೆಲ್ಲ ನನ್ನ ಅಣ್ಣ "ಅಣ್ಣಾ"ನೇ ಆಗಿದ್ದ. ಮರಾಠಿಯವರೂ ಹಾಗೆಯೇ ಕರೆಯುತ್ತಿದ್ದರು. ಎಷ್ಟೋ ವರ್ಷಗಳ ರೂಢಿ. ಎದುರಾಳಿಗಳ ಚೆಂಡು ನಮ್ಮ ಗೋಲಿನತ್ತ ಬಂದ ಕೂಡಲೇ ಮಂದಿ ಒಮ್ಮೆಲೇ ಎದ್ದು "ಅಣ್ಣಾ, ಸಂಭಾಳ್!" ಎಂದು ಕೂಗಿತು. ಕೂಗಿದವರಿಗೇ ಮರುಕ್ಷಣ ತಿಳಿಯಿತು. ಗೋಲಿನಲ್ಲಿದ್ದವರು ನನ್ನ ಗಂಡ. ಅಣ್ಣ ಗೆರೆಯ ಹೊರಗೆ, ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತಿದ್ದ. ಕೂಗಿಗೆ ಅವನ ಎರಡೂ ಕೈಗಳು ತಾವಾಗಿಯೇ ಎದೆಯ ಮಟ್ಟಕ್ಕೆ ಎದ್ದಿದ್ದವು, ಒಂದರಲ್ಲಿ ಬಿಳಿ ಪಟ್ಟಿ. ಅವನು ಅವನ್ನು ನೋಡಿಕೊಂಡು ಮೆಲ್ಲಗೆ ಕೆಳಗಿಳಿಸಿದ.

ಇವರು ಆ ಚೆಂಡನ್ನು ಗುದ್ದಲಿಲ್ಲ, ಹಿಡಿದರು. ಆ ದಿನ ಒಂದೂ ಗೋಲು ಬಿಡಲಿಲ್ಲ. ಆದರೆ ಅರ್ಧ ಆಟಕ್ಕೆ ನಾನು ತಿರುಗಿ ನೋಡಿದಾಗ ಅಣ್ಣ ಇರಲಿಲ್ಲ. "ಹೊಂಟ ಹೋದ್ರು" ಎಂದಳು ವೈನಿ, ಅಷ್ಟೇ.

ಮ್ಯಾಚು ಗೆದ್ದು ಬಂದು ಇವರು ಊಟಕ್ಕೆ ಏಳಲಿಲ್ಲ. ಕೆಳಗೆ ಶೆಟ್ಟರು ಎಲ್ಲರಿಗೂ ಶಿರಾ ಹಂಚುತ್ತಿದ್ದರು. ನಮ್ಮ ಪಾಲಿನದನ್ನು ಮೇಲೆ ಕಳಿಸಿದರು. ಅದು ಹಾಗೇ ಆರಿತು.

ಅವರ ನಡುವೆ ಜಗಳವಾಗಲಿಲ್ಲ. ಜಗಳವಾಗಿದ್ದರೆ ನಾನು ಯಾರ ಕಾಲಾದರೂ ಹಿಡಿದು ಸರಿಮಾಡುತ್ತಿದ್ದೆ. ಬರುವುದು ಹೋಗುವುದು ತಾನಾಗಿ ಕಡಿಮೆಯಾಯಿತು. ಕಂಪನಿ ಅಣ್ಣನನ್ನು ಹಿಂದಿನ ಲಾರಿ ಗೇಟಿನ ಕೆಲಸಕ್ಕೆ ಹಾಕಿತು. ಓಡಾಟ ತಪ್ಪಿಸಲು ಎಂದು ಅವನು ಮನೆಯನ್ನು ಅಂಬರನಾಥಕ್ಕೆ ಬದಲಿಸಿದ. ಸಾರಿನ ಬಟ್ಟಲು ನಿಂತಿತು. ನಾಗರ ಪಂಚಮಿಗೆ ಅಣ್ಣ ತಂಗಿಯ ಮನೆಗೆ ಸಿಹಿ ಉಂಡಿ ತರುವುದು ನಮ್ಮ ಕಡೆಯ ಪದ್ಧತಿ. ಆ ವರ್ಷವೂ ತಂದ. ಮೇಲೆ ಬರುವ ಮೊದಲು ಹೋಟೆಲಿನಲ್ಲಿ "ಅಂವ ಯಾವ ಶಿಫ್ಟಿಗೆ ಹೋಗ್ಯಾನ?" ಎಂದು ಕೇಳಿಕೊಂಡು ಬಂದನೆಂದು ಶೆಟ್ಟರು ಆಮೇಲೆ ಹೇಳಿದರು. ಅದನ್ನು ನಾನು ಇವರಿಗೆ ಹೇಳಲಿಲ್ಲ. ಹೇಗೋ ಗೊತ್ತಾಯಿತು.

ಮುಂದಿನ ಮೇ ತಿಂಗಳಲ್ಲಿ ಇವರು ಕೋಚಿನ ಹತ್ತಿರ ಹೋಗಿ ನನಗಿನ್ನು ಆಗುವುದಿಲ್ಲ ಎಂದು ಹೇಳಿ ಬಂದರು. ಹೋಟೆಲಿನಲ್ಲಿ ಮತ್ತೆ ವಾದ ಶುರುವಾಯಿತು, ಯಾರೋ ಇಬ್ಬರು ಹೊಸ ಹುಡುಗರ ಬಗ್ಗೆ. ನಾನು ರವಿವಾರ ಬಟ್ಟೆಯನ್ನು ಒಳಗಿನ ಹಗ್ಗದ ಮೇಲೆಯೇ ಒಣಹಾಕತೊಡಗಿದೆ.

ಆ ವರ್ಷದ ಪಂಚಮಿಗೆ ಇವರು ಯಾರಿಗೂ ಹೇಳದೆ ರಜೆ ಹಾಕಿ ಮನೆಯಲ್ಲಿ ಕೂತರು. ಅಣ್ಣ ಬಂದ. ಬಾಗಿಲಲ್ಲಿ ಇವರನ್ನು ಕಂಡು ಒಂದು ಗಳಿಗೆ ನಿಂತ, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಮಳೆಯ ಬಗ್ಗೆ, ಗಾಡಿಗಳ ಗರ್ದಿಯ ಬಗ್ಗೆ, ಬೆಳಗಾವಿಯಲ್ಲಿ ಅವ್ವನ ಕಣ್ಣಿನ ಬಗ್ಗೆ ಮಾತಾಡಿದರು. ಅಣ್ಣ ಎಡಗೈಯಿಂದ ಉಂಡ. ಹೊರಟಾಗ ಇವರು ಸ್ಟೇಶನ್ನಿನವರೆಗೆ ಬಿಡಲು ಹೋದರು. ತಿರುಗಿ ಬಂದಾಗ ಕಣ್ಣುಗಳು ಕೆಂಪಾಗಿದ್ದವು.

"ಏನಂದ?" ಎಂದೆ.

"ನಿನ್ನ ಮ್ಯಾಲ ನಂಗ ಏನೂ ಇಲ್ಲ ದೋಸ್ತ ಅಂದ. ನಿನ್ನ ಕೈ ನೋಡಿದ್ರ ನನ್ನ ಕೈ ನೆನಪಾಗತೈತಿ, ಅದಕ್ಕ ಬರೂದಿಲ್ಲ, ಬ್ಯಾರೆ ತಿಳಕೋಬ್ಯಾಡ ಅಂದ."

"ನೀವೇನಂದ್ರಿ?"

"ನಾ ಏನನ್ಲಿ? ಕೈ ಕಿಸೆದಾಗ ಹಾಕ್ಕೊಂಡು ನಿಂತೆ."

ದಶಕ ಮುಗಿಯುವ ಮೊದಲೇ ಕಾರ್ಖಾನೆ ಮುಚ್ಚಿತು. ಟೀಮೂ ಹೋಯಿತು. ಇವರಿಗೆ ವಾಶಿಯ ಮಾರ್ಕೆಟ್ಟಿನಲ್ಲಿ ಕೆಲಸ ಸಿಕ್ಕಿ ನಾವು ಆ ಕಡೆಗೆ ಮನೆ ಬದಲಿಸಿದೆವು. ಅಣ್ಣ, ವೈನಿ ಬೆಳಗಾವಿಗೆ ಹೊರಟರು. ಕಲ್ಯಾಣದಲ್ಲಿ ಗಾಡಿ ಹತ್ತಿಸಲು ಇಬ್ಬರೂ ಹೋಗಿದ್ದೆವು. ಇವರು ಸಾಮಾನೆಲ್ಲ ಒಳಗಿಟ್ಟು ಇಳಿದರು. ಕಿಟಕಿಯಿಂದ ಅಣ್ಣ ನನ್ನ ಹತ್ತಿರ ಮಾತಾಡಿದ: ವರ್ಷಕ್ಕೊಮ್ಮೆ ಬಾ, ಅವ್ವ ದಾರಿ ಕಾಯುತ್ತಾಳೆ. "ಇವರನ್ನೂ ಕರಕೊಂಡ ಬರ್ಲ್ಯಾ?" ಎಂದು ಕೇಳಿದೆ. ಅವನು ಇವರ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಾಡಿ ಹೊರಟಿತು. ವೈನಿ ಕೈ ಬೀಸುತ್ತಲೇ ಇದ್ದಳು.

ನಾನು ಆಮೇಲೆ ಪ್ರತಿ ವರ್ಷ ಬೆಳಗಾವಿಗೆ ಹೋದೆ, ಒಬ್ಬಳೇ.