ನಕ್ಷತ್ರವಿಲ್ಲದ ಸೊನ್ನೆ

ನನ್ನ ಗುಂಡಿ-ದಾರದ ಅಂಗಡಿಯ ಎದುರಿಗಿರುವ ಟೈಲರ್‌ಗೆ ಇಡೀ ಬೀದಿ ಇಟ್ಟಿರುವ ಹೆಸರು ನಾಳೆ ಮಾಸ್ಟರು. ಸುಮ್ಮನೆ ಬಂದ ಹೆಸರಲ್ಲ, ಮೂವತ್ತು ವರ್ಷ ದುಡಿದು ಸಂಪಾದಿಸಿದ್ದು. ಅವರು ಹರಿದು ಕೊಡುವ ಚೀಟಿಯಲ್ಲಿ ಗುರುವಾರ ಎಂದಿದ್ದರೆ ಅದನ್ನು ಶನಿವಾರ ಎಂದು ಓದಿಕೊಳ್ಳಬೇಕು. ಗಿರಾಕಿಗಳಿಗೂ ಈ ಲೆಕ್ಕ ಬಾಯಿಪಾಠ. ಮನೆಯಲ್ಲಿ ಮದುವೆ ಇದ್ದವರು ಮದುವೆಯ ದಿನವನ್ನೇ ಎರಡು ದಿನ ಹಿಂದಕ್ಕೆ ಎಳೆದು ಹೇಳುತ್ತಾರೆ.

ಹಾಗೆಂದು ಸೋಮಾರಿಯಲ್ಲ. ಕೂತಲ್ಲಿ ಕೂರುವ ಜೀವವೇ ಅಲ್ಲ. ನನ್ನ ಬೆಂಚಿನ ಮೇಲೆ ಚಹಾ ಹಿಡಿದು ಕೂತರೂ ಎರಡು ಪಾದಗಳು ಇಲ್ಲದ ಪೆಡಲನ್ನು ತುಳಿಯುತ್ತಲೇ ಇರುತ್ತವೆ. ಕಪ್ಪಿನ ಅರ್ಧ ಚಹಾ ಅವರಿಗೆ, ಇನ್ನರ್ಧ ನನ್ನ ನೆಲಕ್ಕೆ.

ಆ ಕಾಲುಗಳಿಗೆ ಇನ್ನಷ್ಟು ವೇಗ ಬಂದದ್ದು ಓವರ್‌ಲಾಕ್ ಮೆಷಿನ್ ಕೊಂಡ ಮೇಲೆ. ಬಟ್ಟೆಯ ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಮೆಷಿನ್ ಅದು. ಕ್ರೆಡಿಟ್ ಕಾರ್ಡ್ ಉಜ್ಜಿ ತಂದರು. ಆಮೇಲೆ ಬಿಲ್ಲಿನಲ್ಲಿ 'ಕನಿಷ್ಠ' ಎಂದು ಕಂಡಷ್ಟನ್ನೇ ತಿಂಗಳು ತಿಂಗಳು ಕಟ್ಟಿದರು. ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗುತ್ತಿತ್ತು. ವರ್ಷ ಕಳೆದರೂ ಬಾಕಿ ಮೂವತ್ತಾರು ಸಾವಿರದ ಹತ್ತಿರ ಜಗ್ಗದೆ ನಿಂತಿತ್ತು. ಇನ್ನೊಂದು ವರ್ಷ ಹೀಗೇ ಆದರೆ ಮೆಷಿನ್ ಮಾರಿ ಸಾಲ ತೀರಿಸಬೇಕಾಗುತ್ತಿತ್ತು. ಮೆಷಿನ್ ಹೋದರೆ ಶಾಲೆಯ ಸಮವಸ್ತ್ರದ ಆರ್ಡರೂ ಹೋಗುತ್ತದೆ, ಅವರ ಅನ್ನ ಇರುವುದೇ ಆ ಆರ್ಡರಿನಲ್ಲಿ.

ಒಂದು ಮಧ್ಯಾಹ್ನ ಲಕೋಟೆ ಬೀಸುತ್ತ ರಸ್ತೆ ದಾಟಿ ಬಂದರು. ಇನ್ನೊಂದು ಬ್ಯಾಂಕು ಹೊಸ ಕಾರ್ಡು ಕಳಿಸಿತ್ತು, ಜೊತೆಗೆ ಮೂರು ಚೆಕ್ಕು.

"ನೋಡಿ ಸಾಹುಕಾರ್ರೇ, ಒಂಬತ್ತು ತಿಂಗಳು ಸೊನ್ನೆ ಬಡ್ಡಿ! ಒಂದು ಚೆಕ್ಕು ಹಳೇ ಕಾರ್ಡಿಗೆ ಬರೆದು ಸಾಲಾನ ಈ ಕಡೆ ತಂದ್ಬಿಡ್ತೀನಿ. ಇನ್ನೊಂದು ನನ್ನ ಹೆಸರಿಗೇ ಬರ್ಕೊಂಡು ನಾಲ್ಕು ಥಾನು ಲೈನಿಂಗ್ ಬಟ್ಟೆ ತರ್ತೀನಿ."

"ಸೊನ್ನೆ ಪಕ್ಕ ಏನದು ಮಾಸ್ಟ್ರೇ?"

"ಯಾವುದು? ಓ, ನೊಣದ ಗುರುತು."

ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ ಇಟ್ಟು ನೋಡಿದೆ. ನೊಣವಲ್ಲ, ನಕ್ಷತ್ರ. ಅದರ ಜೋಡಿ ನಕ್ಷತ್ರ ಕಾಗದದ ಬುಡದಲ್ಲಿ ಇರುವೆಯಂಥ ಅಕ್ಷರಗಳ ನಡುವೆ ಅಡಗಿತ್ತು. ಹಳೆಯ ಕಾರ್ಡಿನ ಬಾಕಿಯನ್ನು ಇಲ್ಲಿಗೆ ತಂದರೆ ಮಾತ್ರ ಬಡ್ಡಿ ಸೊನ್ನೆ. ತರುವ ಫೀಸು ನೂರಕ್ಕೆ ಎರಡು. ಸ್ವಂತಕ್ಕೆ ನಗದು ಮಾಡಿಕೊಂಡರೆ, ಅಥವಾ ಈ ಕಾರ್ಡಿನಲ್ಲಿ ಒಂದು ಸೂಜಿ ಕೊಂಡರೂ, ಅದಕ್ಕೆ ಅವತ್ತಿನಿಂದಲೇ ಬಡ್ಡಿ. ಒಂದೇ ಒಂದು ಕಂತು ಒಂದು ದಿನ ತಡವಾದರೂ ಸೊನ್ನೆ ರದ್ದು, ಉಳಿದ ಬಾಕಿಗೆಲ್ಲ ಪೂರ್ತಿ ಬಡ್ಡಿ.

ಫೀಸೂ ಸೇರಿಸಿ ಒಂಬತ್ತರಿಂದ ಭಾಗಿಸಿದೆ. ತಿಂಗಳಿಗೆ ನಾಲ್ಕು ಸಾವಿರದ ಎಂಬತ್ತು.

"ಸುಲಭ ಬಿಡಿ" ಎಂದರು ಮಾಸ್ಟರು. "ಬ್ಯಾಂಕಿನೋರೂ ಒಂದೆರಡು ದಿನ ಹಿಂದೆ ಮುಂದೆ ನೋಡ್ತಾರಪ್ಪ. ವ್ಯಾಪಾರ ಅಂದ್ಮೇಲೆ."

ನನ್ನ ಹಿಂದೆ ಯಾರೋ ಲೊಚಗುಟ್ಟಿದರು. ಮಾಸ್ಟರ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ. ಕಾಜಾ, ಗುಂಡಿ, ಕೈಹೊಲಿಗೆ ಎಲ್ಲ ಅವರದೇ. ದಾರ ಕೊಳ್ಳಲು ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಂದು ಚೆಕ್ಕನ್ನು ಹಳೆಯ ಕಾರ್ಡಿಗೆ ಬರೆಸಿ, ಉಳಿದ ಎರಡನ್ನೂ ಹೊಸ ಕಾರ್ಡನ್ನೂ ಎತ್ತಿಕೊಂಡು ಹೋಗಿ, ಎದುರಿನ ತಮ್ಮ ಅಂಗಡಿಯ ಮೇಜಿನ ಮೇಲಿದ್ದ ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿದರು.

"ಅಯ್ಯೋ ಅಯ್ಯೋ, ಏನೇ ಮಾಡ್ದೆ!" ಮಾಸ್ಟರು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. "ಬಟ್ಟೆ ಕತ್ತರಿ ಕಣೇ ಅದು! ಪ್ಲಾಸ್ಟಿಕ್ಕು ಕತ್ತರಿಸಿದ್ರೆ ಮೊಂಡಾಗಲ್ವಾ!"

ಕಾರ್ಡಿನ ಬಗ್ಗೆ ಒಂದು ಮಾತಿಲ್ಲ.

ಅಂದಿನಿಂದ ಬ್ಯಾಂಕಿನ ಕಾಗದಗಳು ಅತ್ತಿಗೆಯ ವಶ. ಪ್ರತಿ ತಿಂಗಳೂ ಅಂಗಡಿಯ ಚೀಟಿ ಪುಸ್ತಕದಲ್ಲೇ 'ಗಿರಾಕಿ: ಬ್ಯಾಂಕು' ಎಂದು ಬರೆದು, ತಾರೀಕು ಹಾಕಿ, ಮಾಸ್ಟರ ಕಣ್ಣೆದುರಿನ ಮೊಳೆಗೆ ಸಿಕ್ಕಿಸುತ್ತಿದ್ದರು. ನಾಲ್ಕು ತಿಂಗಳು ಸಾಗಿತು. ಐದನೆಯದು ಸಮವಸ್ತ್ರದ ತಿಂಗಳು. ಅಂಗಡಿಯೊಳಗೆ ನೀಲಿ ಚಡ್ಡಿಗಳ ಗುಡ್ಡ, ಅದರ ಹಿಂದೆಲ್ಲೋ ಮಾಸ್ಟರು.

ಹದಿನೇಳನೆಯ ತಾರೀಕು ಜಿಪ್ಪು ಕೊಳ್ಳಲು ಬಂದವರು ಜೇಬು ತಟ್ಟಿದರು. "ಹಂಗೇ ಬ್ಯಾಂಕಿಗೂ ಹೋಗ್ಬರ್ತೀನಿ. ಚೀಟೀಲಿ ಹದಿನೈದು ಅಂತಿತ್ತು. ಹದಿನೈದು ಅಂದ್ರೆ ಹದಿನೇಳು ತಾನೆ."

ನನ್ನ ಕೈಯಲ್ಲಿದ್ದ ಜಿಪ್ಪಿನ ಕಟ್ಟು ಅಲ್ಲೇ ನಿಂತಿತು.

"ಅದು ನಿಮ್ಮ ಅಂಗಡಿ ಲೆಕ್ಕ ಮಾಸ್ಟ್ರೇ. ಬ್ಯಾಂಕಿಗೆ ಹದಿನೈದು ಅಂದ್ರೆ ಹದಿನೈದೇ. ಸೊನ್ನೆ ಹೋಯ್ತು."

ಅವರ ಕಾಲು ನಿಂತದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ಅರೆಕ್ಷಣ ಅಷ್ಟೇ. ಆಮೇಲೆ ಓಟ. ಕೊರಳಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಗುರುತು ಹಾಕುವ ಸೀಮೆಸುಣ್ಣ. ಅಂಗಡಿಗೆ ಅಡ್ಡಕೋಲು ಇಟ್ಟು ನಾನೂ ಹಿಂದೆ ಓಡಿದೆ. ಬ್ಯಾಂಕಿನಲ್ಲಿ ಒಂಬತ್ತು ಜನರ ಸಾಲು. ಮಾಸ್ಟರು ಒಮ್ಮೆ ಮುಂದೆ ಇಣುಕುವರು, ಒಮ್ಮೆ ಗಡಿಯಾರ ನೋಡುವರು, ಮುಂದೆ ನಿಂತವರ ಕೋಟಿನ ತೋಳಿನ ಹೊಲಿಗೆ ಸೊಟ್ಟಗಿದೆ ಎಂದು ಅವರಿಗೇ ಹೇಳಿ ಬೈಸಿಕೊಳ್ಳುವರು.

"ಮೆಷಿನ್ ಮಾರಬೇಕಾಗುತ್ತಾ ಸಾಹುಕಾರ್ರೇ?" ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ನನಗೂ ತಮಾಷೆ ತೋಚಲಿಲ್ಲ.

ಕೌಂಟರಿನ ಹೆಂಗಸು ಹಣ ಎಣಿಸಿ ರಶೀದಿ ಕೊಟ್ಟಳು.

"ತಾಯಿ, ಎರಡೇ ದಿನ ಲೇಟು..." ಮಾಸ್ಟರು ಕೈ ಮುಗಿದೇಬಿಟ್ಟರು.

"ಲೇಟಾ? ಕೊನೇ ದಿನ ನಾಳೆ ಸಾರ್. ಒಂದು ದಿನ ಮುಂಚೇನೇ ಬಂದಿದೀರ."

ಜೀವಮಾನದಲ್ಲಿ ಮೊದಲ ಬಾರಿ ಮುಂಚೆ ಬಂದ ಅಪವಾದ ಹೊತ್ತು ಮಾಸ್ಟರು ಅಂಗಡಿಗೆ ಮರಳಿದರು. ಅತ್ತಿಗೆ ಕಾಜಾ ಹಾಕುತ್ತಿದ್ದರು.

"ಹದಿನೆಂಟು ಅಂತಿದ್ದಿದ್ದನ್ನ ಹದಿನೈದು ಅಂತ ಬರೆದ್ಯಲ್ಲೇ! ನನ್ನ ಎದೆ ಒಡೆದುಹೋಗ್ತಿತ್ತು!"

ಅವರು ತಲೆ ಎತ್ತಲಿಲ್ಲ. "ಮಕ್ಕಳ ಚಡ್ಡಿಗೆ ಒಳಗಡೆ ಬಟ್ಟೆ ಬಿಟ್ಟು ಹೊಲೀತೀರಲ್ಲ, ಬೆಳೆದ ಮೇಲೆ ಬಿಚ್ಚೋಕೆ. ನಿಮ್ಮ ನಾಳೆನೂ ದಿನಾ ಬೆಳೆಯುತ್ತೆ ಕಣ್ರೀ. ಅದಕ್ಕೇ ಮೂರು ದಿನ ಒಳಗೆ ಬಿಟ್ಟಿದ್ದೆ."

ಮುಂದಿನ ತಿಂಗಳಿಂದ ಎಷ್ಟು ದಿನ ಒಳಗೆ ಬಿಟ್ಟಿದ್ದಾರೆಂದು ಅತ್ತಿಗೆ ಮಾಸ್ಟರಿಗೆ ಹೇಳಲಿಲ್ಲ. ನನಗೆ ಮಾತ್ರ ಹೇಳಿದ್ದರು: ಒಮ್ಮೆ ಎರಡಂತೆ, ಒಮ್ಮೆ ಏನೂ ಇಲ್ಲವಂತೆ. ಮಾಸ್ಟರು ಆ ಚೀಟಿಯ ಮುಂದೆ ಶತಪಥ ಹಾಕಿದರು, ನನ್ನಿಂದ ಗುಟ್ಟು ಹೊರಡಿಸಲು ಚಹಾ ಕೊಡಿಸಿದರು. ಕೊನೆಗೆ ಸೋತು, ಕೈಗೆ ಹಣ ಬಂದ ದಿನವೇ ಓಡಿಹೋಗಿ ಕಟ್ಟತೊಡಗಿದರು.

ಹತ್ತನೆಯ ತಿಂಗಳು ಬಂದ ಕಾಗದವನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಹರವಿ ನಿಂತರು. ಬಾಕಿಯ ಜಾಗದಲ್ಲಿ ದುಂಡನೆಯ ಸೊನ್ನೆ.

"ನಿಮ್ಮ ಗಾಜು ಇಟ್ಟು ಸರಿಯಾಗಿ ನೋಡಿ ಸಾಹುಕಾರ್ರೇ. ಪಕ್ಕ ನಕ್ಷತ್ರ ಇಲ್ಲ ತಾನೆ?"

ನೋಡಿದೆ. ಕಾಗದದ ಬುಡವನ್ನೂ ನೋಡಿದೆ. ಇರಲಿಲ್ಲ.

"ಇಲ್ಲ. ಮೆಷಿನ್ ನಿಮ್ಮದೇ. ಇನ್ನು ಹೊಲಿಯೋಕೆ ಕೊಟ್ಟಿದ್ದ ನನ್ನ ಅಂಗಿ ಯಾವಾಗ ಕೊಡ್ತೀರಿ?"

ಅವರು ಆಗಲೇ ರಸ್ತೆಯ ಅರ್ಧ ದಾಟಿದ್ದರು. ಏನು ಹೇಳಿದರೆಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಗೊತ್ತು.