ಸರಿತಾಳ ಮುನ್ನೂರು ಉತ್ತರಗಳು

ನಿರ್ಣಾದ ಅಂಗನವಾಡಿಯಲ್ಲಿ ಸರಿತಾ ಹನ್ನೊಂದು ವರ್ಷದಿಂದ ಸಹಾಯಕಿ. ಪಿಯುಸಿಯ ಇಂಗ್ಲಿಷ್ ಒಂದೇ ಬಾಕಿ. ಪಾಸಾದರೆ ಟೀಚರ್ ಹುದ್ದೆಗೆ ಅರ್ಜಿ ಹಾಕಬಹುದು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ.

ಎರಡು ತಿಂಗಳಿಂದ ಅವಳು ಸಂಜೆ ಬಸ್ಸು ಹಿಡಿದು ಮಾಣಿಕನಗರದ ನನ್ನ ಹೊಲಿಗೆ ಅಂಗಡಿಗೆ ಬರುತ್ತಿದ್ದಳು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು, ಮಷೀನು ತುಳಿಯುತ್ತಲೇ ಇಂಗ್ಲಿಷ್ ವ್ಯಾಕರಣ ದಕ್ಕಿಸಿಕೊಂಡವನು. ಕಲಿಸುವುದರಲ್ಲಿ ಯಾವ ಮಾಸ್ತರನಿಗೂ ಕಮ್ಮಿಯಿಲ್ಲ ಎಂದುಕೊಂಡಿದ್ದೆ. ಪ್ಯಾಸಿವ್ ವಾಯ್ಸ್ ಇರಲಿ, ರಿಪೋರ್ಟೆಡ್ ಸ್ಪೀಚ್ ಇರಲಿ, ಗೈಡಿನಿಂದ ಕೇಳಿದರೆ ಸಾಕು, ಅವಳ ಉತ್ತರ ಹಂಚಿನ ಮೇಲಿನ ಜೋಳದ ಅರಳಿನಂತೆ ಸಿಡಿಯುತ್ತಿತ್ತು.

ಪರೀಕ್ಷೆಯ ಹಿಂದಿನ ಸಂಜೆ, ಸರಿತಾ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಾಳೆ ಎಂದು ಇಂಗ್ಲಿಷಿನಲ್ಲಿ ಬರೆದು, ಪ್ಯಾಸಿವ್ ಮಾಡು ಎಂದೆ.

ಅವಳು ನಕ್ಕಳು. "ಇದು ಎಷ್ಟನೇ ನಂಬರಿಂದ್ರಿ ಕಾಕಾ?"

"ನಂಬರಿಲ್ಲವ್ವ. ಈಗ ನಾನೇ ಮಾಡೀನಿ."

"ಹಂಗಾದ್ರ ನನಗ ಹ್ಯಾಂಗ ಬರ್ತದ್ರಿ? ಗೈಡಿನ ಮುನ್ನೂರೂ ಭಜನಿ ಪದದಂಗ ಬಾಯಿಪಾಠ ಮಾಡೀನಿ. ನಾಳೆ ಅವೇ ಬರ್ತಾವಲ್ರಿ?"

ನಾನು ಗೋಡೆಯ ಗಡಿಯಾರ ನೋಡಿದೆ. ಬೆಳಿಗ್ಗೆ ಹತ್ತಕ್ಕೆ ಬಸವಕಲ್ಯಾಣದಲ್ಲಿ ಪರೀಕ್ಷೆ. ಎರಡು ತಿಂಗಳು ಎದುರಿಗೇ ಕೂತಿದ್ದರೂ ಕಾಣದ್ದನ್ನು ಇನ್ನರ್ಧ ತಾಸಿನಲ್ಲಿ ಹೇಗೆ ತಿದ್ದಲಿ? ಅವಳ ಕೊನೆಯ ಬಸ್ಸಿಗೆ ಇದ್ದದ್ದೇ ಅಷ್ಟು.

"ಬರ್ತಾವಲ್ರಿ ಕಾಕಾ?"

"ಒಂದನೇ ನಂಬರ್ ಹೇಳವ್ವ," ಎಂದೆ.

ಸರಿತಾ ಕಣ್ಣು ಮುಚ್ಚಿ ಶುರು ಮಾಡಿದಳು. ಬಸ್ಸಿಗೆ ಏಳುವವರೆಗೂ ಒಂದೂ ತಪ್ಪಲಿಲ್ಲ.